ಹೀಟ್ ಸಿಂಕ್ ಬಾಳಿಕೆ ಮತ್ತು ವಾರಂಟಿಯ ಲೆಕ್ಕ

ಎಲ್‌ಇಡಿ ದೀಪ, ಇನ್ವರ್ಟರ್ ಮುಂತಾದವುಗಳ ಸಣ್ಣ ತಯಾರಕರು ವಾರಂಟಿಯ ಅವಧಿಯನ್ನು ಸಾಮಾನ್ಯವಾಗಿ ಪ್ರತಿಸ್ಪರ್ಧಿಗಳನ್ನು ನೋಡಿ ನಿಗದಿಪಡಿಸುತ್ತಾರೆ. ಸರಕಿನ ನೈಜ ಬಾಳಿಕೆಯನ್ನು ಕಂಪ್ಯೂಟರ್ ಸಿಮ್ಯುಲೇಶನ್ ಮೂಲಕ ಮುಂಚಿತವಾಗಿ ಅಂದಾಜಿಸುವುದು ಸಾಧ್ಯವಿದ್ದು, ಅದು ಲೆಕ್ಕಪತ್ರಕ್ಕೂ ಆಧಾರವಾಗಬಲ್ಲದು.

ದುರ್ಬಲ ಸ್ಥಾನ

ಅಲ್ಯೂಮಿನಿಯಂ ಹೀಟ್ ಸಿಂಕ್ ತಾನಾಗಿ ಕೆಡುವುದು ವಿರಳ. ಕೆಡುವುದು ಬಿಡಿಭಾಗವನ್ನು ಅಲ್ಯೂಮಿನಿಯಂ ತಳದ ಫಲಕಕ್ಕೆ ಹಿಡಿದಿಡುವ ಸಾಲ್ಡರ್ ಪದರ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ; ಅಲ್ಯೂಮಿನಾ ಸಿರಾಮಿಕ್ ಸುಮಾರು 7 ಮೈಕ್ರಾನ್ ಮಾತ್ರ. ಈ ವ್ಯತ್ಯಾಸದ ಎಳೆತವನ್ನು ಸಾಲ್ಡರ್ ಸಹಿಸಬೇಕು. ಸ್ವಿಚ್ ಹಾಕಿ ಆರಿಸುವ ಆವರ್ತನೆಗಳಿಂದ ಅದರಲ್ಲಿ ಬಿರುಕು ಬೆಳೆಯುವುದು ಲೋಹದ ದಣಿವು. ನಿರಂತರ ಒತ್ತಡದಲ್ಲಿ ನಿಧಾನವಾಗಿ ರೂಪಗೆಡುವುದು ಕ್ರೀಪ್. ತವರ-ಬೆಳ್ಳಿ-ತಾಮ್ರದ ಸಾಲ್ಡರ್ ಸುಮಾರು 217 ಡಿಗ್ರಿಯಲ್ಲಿ ಕರಗುವುದರಿಂದ ಕೊಠಡಿಯ ಉಷ್ಣತೆಯಲ್ಲೇ ಕ್ರೀಪ್‌ಗೆ ಒಳಗಾಗುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ.

ಲೆಕ್ಕದ ಕ್ರಮ

ಮೊದಲು ವಿನ್ಯಾಸವನ್ನು ಸಾವಿರಾರು ತುಣುಕುಗಳಾಗಿ ವಿಂಗಡಿಸಿ ಉಷ್ಣತೆಯ ಹಂಚಿಕೆಯನ್ನು ಕಂಡುಕೊಳ್ಳಲಾಗುತ್ತದೆ. ಅನಂತರ ಪ್ರತಿ ಆವರ್ತನೆಯಲ್ಲಿ ಸಾಲ್ಡರ್‌ನ ವಿರೂಪತೆಯನ್ನು, ಕೊನೆಗೆ 1950ರ ದಶಕದ ಕಾಫಿನ್-ಮ್ಯಾನ್ಸನ್ ಸೂತ್ರದಿಂದ ಅದು ತಾಳಬಲ್ಲ ಆವರ್ತನೆಗಳನ್ನು ಲೆಕ್ಕಿಸಲಾಗುತ್ತದೆ.

ಉದಾಹರಣೆಗೆ, ಉಷ್ಣತೆಯ ಏರಿಳಿತ 60 ಡಿಗ್ರಿ ಇದ್ದಾಗ ಸರಾಸರಿ ಬಾಳಿಕೆ 1,000 ಆವರ್ತನೆ ಎಂದಿಟ್ಟುಕೊಳ್ಳೋಣ. ದಿನಕ್ಕೊಮ್ಮೆ ಬಳಸಿದರೆ ಮೂರು ವರ್ಷಗಳಲ್ಲಿ 1,095 ಆವರ್ತನೆ. ಅಂದರೆ ಸುಮಾರು ಅರ್ಧಕ್ಕೂ ಹೆಚ್ಚು ಸರಕು ಮೂರು ವರ್ಷದ ವಾರಂಟಿಯೊಳಗೇ ಹಿಂತಿರುಗಬಹುದು. ದೊಡ್ಡ ಹೀಟ್ ಸಿಂಕ್ ಬಳಸಿ ಏರಿಳಿತವನ್ನು 40 ಡಿಗ್ರಿಗೆ ಇಳಿಸಿದರೆ, ಸೂತ್ರದ ಘಾತವನ್ನು 2 ಎಂದು ಹಿಡಿದಾಗ, ಬಾಳಿಕೆ 2.25 ಪಟ್ಟು, ಅಂದರೆ 2,250 ಆವರ್ತನೆಗೆ ಏರುತ್ತದೆ. ಹೆಚ್ಚುವರಿ ಅಲ್ಯೂಮಿನಿಯಂನ ವೆಚ್ಚವನ್ನು ಈ ಉಳಿತಾಯದೊಂದಿಗೆ ತೂಗಿ ನೋಡತಕ್ಕದ್ದು. ಘಾತ ಹಾಗೂ ಇತರ ಸ್ಥಿರಾಂಕಗಳು ಸಾಲ್ಡರ್‌ನ ಮಿಶ್ರಣವನ್ನು ಅವಲಂಬಿಸಿರುವುದರಿಂದ, ಮಾದರಿಗಳನ್ನು ಉಷ್ಣ-ಶೀತ ಪರೀಕ್ಷೆಗೆ ಒಳಪಡಿಸಿ ಫಲಿತಾಂಶವನ್ನು ತಾಳೆ ನೋಡುವುದು ಅವಶ್ಯಕ.

ಲೆಕ್ಕಪತ್ರದಲ್ಲಿ

ವಾರಂಟಿಯ ಹೊಣೆಗೆ ಅತ್ಯುತ್ತಮ ಅಂದಾಜಿನಂತೆ ಅವಕಾಶ ಕಲ್ಪಿಸಬೇಕೆಂದು ಲೆಕ್ಕಪತ್ರ ಮಾನದಂಡ 29 ವಿಧಿಸುತ್ತದೆ. ಹೊಣೆಯು ಹಿಂದಿನ ಮಾರಾಟದಿಂದ ಉದ್ಭವಿಸಿದ್ದು, ಹಣ ಹೊರಹೋಗುವ ಸಂಭವವಿದ್ದು, ಮೊತ್ತವನ್ನು ವಿಶ್ವಾಸಾರ್ಹವಾಗಿ ಅಂದಾಜಿಸಬಹುದಾದರೆ ಇಂತಹ ಅವಕಾಶವನ್ನು ಆದಾಯದಿಂದ ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ತೀರ್ಪಿತ್ತಿದೆ. ಆ ತೀರ್ಪು ಹಿಂದಿನ ವರ್ಷಗಳ ಅನುಭವಕ್ಕೆ ಮಹತ್ವ ನೀಡಿದೆ. ಆದುದರಿಂದ ಸಿಮ್ಯುಲೇಶನ್ ವರದಿಯೊಂದೇ ಸಾಲದು. ಪರೀಕ್ಷಾ ವರದಿಯನ್ನೂ, ಹಿಂತಿರುಗಿದ ಸರಕಿನ ಬ್ಯಾಚ್‌ವಾರು ದಾಖಲೆಯನ್ನೂ ಅದರೊಂದಿಗೆ ಕಾಯ್ದಿರಿಸುವುದು ತಯಾರಕರಿಗೆ ಹಿತಕರ.