ಸರ್, ಸ್ವಲ್ಪ ಕಡಿಮೆ ಮಾತಾಡಿ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲು ಗಣಿತ ಮೇಷ್ಟ್ರು. ವಯಸ್ಸು 67. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಮನೆಯಲ್ಲಿ ಸುಮ್ಮನೆ ಕೂರಲಾರದೆ ಊರಿನ ವಿಶೇಷ ಮಕ್ಕಳ ಶಾಲೆಗೆ ವಾರಕ್ಕೆ ಮೂರು ದಿನ ಹೋಗುತ್ತಿದ್ದೇನೆ. ಸಂಬಳ ಗಿಂಬಳ ಇಲ್ಲ, ಕೇಳಿಯೂ ಇಲ್ಲ. ಆಟಿಸಂ ಇರುವ ಹನ್ನೊಂದು ವರ್ಷದ ಹುಡುಗನನ್ನು ನನ್ನ ಜೊತೆ ಕೂರಿಸುತ್ತಾರೆ. ಅವನಿಗೆ ಮಾತಿಲ್ಲ. ಎಷ್ಟು ಮಾತಾಡಿಸಿದರೂ, ಚಾಕಲೇಟು ಕೊಟ್ಟರೂ ನನ್ನ ಮುಖ ನೋಡುವುದಿಲ್ಲ, ಕಿಟಕಿ ಕಡೆ ತಿರುಗಿ ಕೂರುತ್ತಾನೆ. ಹೋದ ವಾರ ಕಿವಿ ಮುಚ್ಚಿಕೊಂಡು ಹೊರಗೆ ಓಡಿದ. ಕೈ ಹಿಡಿದು ನಿಲ್ಲಿಸಲು ಹೋದರೆ ಮುಂಗೈ ಪರಚಿಬಿಟ್ಟ. ಅಲ್ಲಿಯ ಟೀಚರ್, ನನ್ನ ಮಗಳಿಗಿಂತ ಚಿಕ್ಕವರು, ‘ಸರ್, ನೀವು ಸ್ವಲ್ಪ ಕಡಿಮೆ ಮಾತಾಡಿ’ ಎಂದರು. ಜೀವಮಾನವೆಲ್ಲ ಪಾಠ ಹೇಳಿದವನಿಗೆ ಈ ಮಾತು! ಹುಡುಗನ ತಾಯಿ ಸಿಕ್ಕಾಗಲೆಲ್ಲ ‘ಸರ್, ಇವನು ಮಾತಾಡ್ತಾನಾ?’ ಎಂದು ಕೇಳುತ್ತಾರೆ. ಏನು ಹೇಳಲಿ? ‘ಸಕ್ಕರೆ ಕಾಯಿಲೆ ಇಟ್ಕೊಂಡು ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ’ ಎಂದು ನನ್ನ ಹೆಂಡತಿ ದಿನಾ ಹೇಳುತ್ತಾಳೆ. ಬಿಟ್ಟುಬಿಡಲೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಬಿಡಬೇಡಿ ಮೇಷ್ಟ್ರೇ. ಆದರೆ ಈಗ ಹೋಗುತ್ತಿರುವ ಹಾಗೆ ಹೋಗಲೂಬೇಡಿ.

ಟೀಚರ್ ಮಾತು ನಿಮ್ಮನ್ನು ಚುಚ್ಚಿದೆ, ಅದು ಸಹಜ. ಆದರೂ ಅವರ ಪರ ನಿಲ್ಲುತ್ತೇನೆ. ಅರವತ್ತು ಮಕ್ಕಳ ತರಗತಿಯ ಕೊನೇ ಬೆಂಚಿಗೆ ಮುಟ್ಟುತ್ತಿದ್ದ ದನಿ ನಿಮ್ಮದು. ಅದೇ ದನಿ ಒಂದು ಮಾರು ದೂರದಲ್ಲಿ ಕೂತ ಈ ಹುಡುಗನಿಗೆ ಹೇಗೆ ಕೇಳುತ್ತದೆ? ಆಟಿಸಂ ಇರುವ ಅನೇಕ ಮಕ್ಕಳಿಗೆ ನಮಗೆ ಲೆಕ್ಕಕ್ಕೇ ಬಾರದ ಸದ್ದು ಕೂಡ ತಡೆಯಲಾಗದಷ್ಟು ಜೋರು. ಕಿವಿಗೆ ಬಿದ್ದ ಮಾತನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಹೊತ್ತು ಹಿಡಿಯುತ್ತದೆ. ಮೊದಲ ವಾಕ್ಯ ಒಳಗಿಳಿಯುವಷ್ಟರಲ್ಲಿ ನೀವು ನಾಲ್ಕನೆಯದಕ್ಕೆ ಬಂದಿರುತ್ತೀರಿ. ಎರಡೇ ಪದ ಹೇಳಿ: ‘ಚೀಲ ಕೊಡು.’ ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ‘ನನ್ನ ಮುಖ ನೋಡು’ ಎಂದು ಒತ್ತಾಯಿಸಬೇಡಿ. ಕಿಟಕಿ ಕಡೆ ತಿರುಗಿಕೊಂಡೇ ಅವನು ನಿಮ್ಮ ಮಾತು ಕೇಳಿಸಿಕೊಳ್ಳುತ್ತಿರಬಹುದು.

ಪರಚಿದ್ದನ್ನು ಒರಟುತನ ಎಂದುಕೊಳ್ಳಬೇಡಿ. ಕಿವಿ ಮುಚ್ಚಿಕೊಂಡಿದ್ದ ಎಂದು ನೀವೇ ಬರೆದಿದ್ದೀರಿ. ಏನೋ ಸದ್ದು ತಡೆಯಲಾಗದೆ ಎದ್ದು ಓಡಿದವನನ್ನು ಹಿಂದಿನಿಂದ ಯಾರೋ ಹಿಡಿದೆಳೆದರು, ಅವನ ಪಾಲಿಗೆ ಆದದ್ದು ಅಷ್ಟೇ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇಂಥದ್ದು ನಡೆದಾಗ ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ನೀವೆಲ್ಲ ಏನು ಮಾಡಿದಿರಿ, ಇಷ್ಟನ್ನು ಬರೆದು ಟೀಚರಿಗೆ ತೋರಿಸಿ. ಮಿಕ್ಸಿ ಸದ್ದೋ, ಬೆಂಚು ಎಳೆದ ಸದ್ದೋ, ಹಸಿವೋ, ದಿನಚರಿ ಬದಲಾದದ್ದೋ, ಕೆಲವೇ ದಿನದಲ್ಲಿ ಗೊತ್ತಾಗುತ್ತದೆ. ಮಾತಿಲ್ಲದ ಮಗು ಹಲ್ಲುನೋವನ್ನೂ ಹೀಗೇ ಹೇಳುವುದುಂಟು.

ಅಲ್ಲಿ ನಿಮ್ಮಿಂದ ಆಗಬೇಕಾದದ್ದು ಪಾಠವಲ್ಲ. ಟೀಚರಿಗೆ ತರಬೇತಿ ಇದೆ, ಪುರುಸೊತ್ತಿಲ್ಲ. ನಿಮಗೆ ತರಬೇತಿ ಇಲ್ಲ, ಪುರುಸೊತ್ತಿದೆ. ಇವೆರಡನ್ನು ಕೂಡಿಸಿದರೆ ಹುಡುಗನಿಗೆ ಲಾಭ.

ಅಂಗಿಯ ಗುಂಡಿ ಹಾಕುವುದನ್ನೇ ನೋಡಿ. ನಮಗದು ಒಂದೇ ಕೆಲಸ. ಬಿಡಿಸಿದರೆ ಗುಂಡಿಯನ್ನು ಬೆರಳ ತುದಿಯಲ್ಲಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಕಾಜಾ ಅಗಲಿಸಬೇಕು, ಅಂಚು ತೂರಿಸಬೇಕು, ಆಚೆಯಿಂದ ಹಿಡಿದು ಎಳೆಯಬೇಕು. ವಿಶೇಷ ಶಿಕ್ಷಕರು ಇದನ್ನು ಎಷ್ಟೋ ಸಲ ಕೊನೆಯಿಂದ ಕಲಿಸುತ್ತಾರೆ. ಮೊದಲ ಹೆಜ್ಜೆಗಳನ್ನೆಲ್ಲ ನೀವು ಮಾಡಿ, ಕೊನೆಯ ಎಳೆತ ಮಾತ್ರ ಅವನಿಗೆ ಬಿಡಿ. ಗುಂಡಿ ಹಾಕಿ ಮುಗಿಸಿದವನು ಅವನೇ ಆಗುತ್ತಾನೆ, ಆ ಖುಷಿಯೂ ಅವನದೇ. ಅದು ಕೈಗೆ ಹತ್ತಿದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಸಾಧನೀಯದಿಂದ ಹಿಂದಕ್ಕೆ ನಡೆದು ದತ್ತಕ್ಕೆ ಬಂದು ಮುಟ್ಟುವ ವರಸೆಯನ್ನು ರೇಖಾಗಣಿತದಲ್ಲಿ ಕಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಗುಂಡಿಗೆ ಒಂದು ತಿಂಗಳಾದರೂ ಆಗಬಹುದು. ಮನೆಯಲ್ಲಿ ಶಾಲಾ ವ್ಯಾನಿನ ಹಾರ್ನ್ ಕೇಳುತ್ತಿರುವಾಗ ಯಾವ ತಾಯಿಗೆ ಅಷ್ಟು ಹೊತ್ತು ಕಾಯಲು ಆಗುತ್ತದೆ? ಅವರೇ ಹಾಕಿಬಿಡುತ್ತಾರೆ. ಪಾಪ ಎಂದುಕೊಂಡು ನೀವೂ ಹಾಕಿಬಿಟ್ಟರೆ ಹುಡುಗ ಇಪ್ಪತ್ತು ವರ್ಷದವನಾದಾಗಲೂ ಎದೆ ತೆರೆದುಕೊಂಡು ಯಾರಿಗೋ ಕಾಯುತ್ತಾ ನಿಂತಿರುತ್ತಾನೆ.

ಆ ಚಾಕಲೇಟನ್ನು ಮೊದಲು ನಿಲ್ಲಿಸಿ. ಟೀಚರ್ ಬಹುಶಃ ಚಿತ್ರದ ಕಾರ್ಡು ಕೊಟ್ಟು ಬೇಕಾದ್ದನ್ನು ಕೇಳಿ ಪಡೆಯುವುದನ್ನು ಕಲಿಸುತ್ತಿರುತ್ತಾರೆ. ಕೇಳದೆಯೇ ಮೇಷ್ಟ್ರ ಜೇಬಿನಿಂದ ಬರುವುದಾದರೆ ಅವನು ಯಾಕೆ ಕೇಳಬೇಕು? ಇನ್ನೊಂದು ವಿಷಯ: ಅಂಥ ಶಾಲೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳೂ ಇರುತ್ತಾರೆ. ಅವರಲ್ಲಿ ಕೆಲವರಿಗೆ ನುಂಗುವುದೇ ಕಷ್ಟ, ಗಟ್ಟಿ ತಿಂಡಿ ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೆ ಸಂಚಕಾರ. ಕೇಳದೆ ಯಾರಿಗೂ ಏನೂ ಕೊಡಬೇಡಿ.

ಮೂರು ದಿನ ಎಂದರೆ ಅದೇ ಮೂರು ದಿನ, ಅದೇ ಹೊತ್ತು, ಅದೇ ಜಾಗ. ಅಮೆರಿಕದಲ್ಲಿ 1965ರಲ್ಲಿ ಶುರುವಾದ ‘ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್’ ಯೋಜನೆಯಲ್ಲೂ ಹಿರಿಯರಿಗೆ ಮೊದಲು ತರಬೇತಿ ಕೊಡುತ್ತಾರೆ. ಆಮೇಲೆ ಅವರು ಕೆಲವೇ ಮಕ್ಕಳ ಜೊತೆ ವಾರವಾರವೂ ಗೊತ್ತಾದ ಹೊತ್ತು ಕಳೆಯುತ್ತಾರೆ. ಬೆಂಗಳೂರಿಗೆ ಮಕ್ಕಳ ಮನೆಗೆ ಹೊರಡುವ ಮುಂಚೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹುಡುಗನಿಗೆ ತೋರಿಸಿ. ಹೇಳದೆ ಕೇಳದೆ ಮಾಯವಾಗುವವರು ಈ ಮಕ್ಕಳ ಬದುಕಿನಲ್ಲಿ ಈಗಾಗಲೇ ಸಾಕಷ್ಟಿದ್ದಾರೆ.

ತಾಯಿಯ ಪ್ರಶ್ನೆಗೆ ‘ಮಾತಾಡ್ತಾನಮ್ಮ, ದೇವರಿದ್ದಾನೆ’ ಎನ್ನಬೇಡಿ. ‘ಅದನ್ನು ನಾನು ಹೇಳಲಾರೆ ತಾಯಿ. ಇವತ್ತು ನೀರು ಬೇಕಾದಾಗ ಲೋಟ ತಂದು ನನ್ನ ಕೈಗಿಟ್ಟ’ ಎನ್ನಿ. ನೀವು ಕಣ್ಣಾರೆ ಕಂಡದ್ದನ್ನು ಹೇಳಿ, ಭವಿಷ್ಯ ನುಡಿಯುವ ಕೆಲಸ ಬೇಡ. ಚಿತ್ರ ತೋರಿಸಿ ಕೇಳುವ ರೂಢಿ ಬಿದ್ದರೆ ಬಾಯಿ ಬಿಡುವುದೇ ಇಲ್ಲ ಎಂಬ ಹೆದರಿಕೆ ಅನೇಕ ಮನೆಗಳಲ್ಲಿದೆ. ಅದರಲ್ಲಿ ಹುರುಳಿಲ್ಲ. ವಾಕ್ ಚಿಕಿತ್ಸಕರಿಗೆ ಇದುವರೆಗೆ ತೋರಿಸಿಲ್ಲವಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ಹೇಳಿ.

ನಿಮ್ಮ ನಿಜವಾದ ಉಪಯೋಗ ಬಹುಶಃ ಈ ತಾಯಿಗೇ ಹೆಚ್ಚು. ಜೀವಮಾನವಿಡೀ ಸರ್ಕಾರಿ ನಮೂನೆ ತುಂಬಿದ ಕೈ ನಿಮ್ಮದು. ಹುಡುಗನಿಗೆ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಆಗಿದೆಯೇ ಕೇಳಿ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ಆಟಿಸಂ ಇರುವವರಿಗೂ ಸಿಗುತ್ತದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲೋ, ಅವರು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. ಇದನ್ನೆಲ್ಲ ತಿಳಿದುಕೊಂಡು ಆ ತಾಯಿಯ ಜೊತೆ ಕಚೇರಿಗೆ ಹೋಗಿ ಕುರ್ಚಿ ಎಳೆದುಕೊಂಡು ಕೂರುವ ಒಬ್ಬ ನರೆಗೂದಲಿನ ಮೇಷ್ಟ್ರು ಇದ್ದರೆ ಕಡತ ಬೇಗ ಮೇಲೇಳುತ್ತದೆ. ನ್ಯಾಯವಾಗಿ ಹಾಗಿರಬಾರದು, ಆದರೆ ಹಾಗಿದೆ.

ಮಕ್ಕಳ ಜೊತೆ ಇರುವಾಗ ಸಿಬ್ಬಂದಿಯ ಕಣ್ಣಳತೆಯಲ್ಲೇ ಇರಿ. ಶೌಚಕ್ಕೆ ಕರೆದೊಯ್ಯುವುದು, ಬಟ್ಟೆ ಬದಲಿಸುವುದು ಸಿಬ್ಬಂದಿಯ ಕೆಲಸ. ಇದು ನಿಮ್ಮ ಮೇಲಿನ ಅನುಮಾನವಲ್ಲ, ಸ್ವಯಂಸೇವಕರು ಯಾರೇ ಆದರೂ ಇದೇ ಶಿಸ್ತು. ಮಗುವಿನ ಫೋಟೊ ನಿಮ್ಮ ನಿವೃತ್ತರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಕೂಡದು. ಹುಡುಗ ಮತ್ತೆ ಓಡಿದರೆ ಹಿಡಿಯಲು ಕೈ ಚಾಚಬೇಡಿ, ಟೀಚರನ್ನು ಕೂಗಿ ಅವನನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಆಗ ಏನು ಮಾಡಬೇಕು ಎಂದು ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಇನ್ನು ನಿಮ್ಮ ಮನೆಯವರು. ಸಕ್ಕರೆ ಕಾಯಿಲೆ ಇರುವವರಿಗೆ ಸಣ್ಣ ಗೀರೂ ಬೇಗ ಮಾಯದಿರಬಹುದು, ಅವರ ಆತಂಕ ಸರಿಯಾಗಿಯೇ ಇದೆ. ಗಾಯ ಇನ್ನೂ ಕೆಂಪಗಿದ್ದರೆ ನಾಳೆಯೇ ಡಾಕ್ಟರಿಗೆ ತೋರಿಸಿ. ಇನ್ನು ಮುಂದೆ ಆ ಮೂರು ದಿನ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ತಿಂಡಿ ತಿನ್ನದೆ ಮಾತ್ರ ಹೊರಡಬೇಡಿ.