ಸರ್ಜರಿ ಸಂದರ್ಶನ: ಪರದೆ ಮುಂದೆಯೋ, ಪ್ಯಾನೆಲ್ ಎದುರೋ?

ಎಂಬಿಬಿಎಸ್ ಮುಗಿಸಿ ಸರ್ಜನ್ ಆಗಬೇಕೆಂದಿರುವ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮಕ್ಕಳು ಮೊದಲು ತಿಳಿಯಬೇಕಾದದ್ದು, ತಮ್ಮ ದಾರಿಯಲ್ಲಿ ಸಂದರ್ಶನ ಇದೆಯೇ ಎಂಬುದು.

ನಮ್ಮಲ್ಲಿ ಎಂ.ಎಸ್. ಜನರಲ್ ಸರ್ಜರಿ, ಡಿಎನ್‌ಬಿ ಸೀಟುಗಳಿಗೆ ಸಂದರ್ಶನವೇ ಇಲ್ಲ. ನೀಟ್-ಪಿಜಿ ರ‍್ಯಾಂಕ್, ಆಮೇಲೆ ಕೌನ್ಸೆಲಿಂಗ್, ಅಷ್ಟೆ. ರಾಜ್ಯ ಕೋಟಾ ಮತ್ತು ಖಾಸಗಿ ಕಾಲೇಜಿನ ಸೀಟುಗಳನ್ನು ಕೆಇಎ ಹಂಚುತ್ತದೆ. ತುಮಕೂರಿನ ಸಿದ್ಧಾರ್ಥದಂಥ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟನ್ನು ಎಂಸಿಸಿ. ಮ್ಯಾನೇಜ್‌ಮೆಂಟ್ ಸೀಟಿಗೂ ಇದೇ ದಾರಿ. "ಒಂದು ಇಂಟರ್‌ವ್ಯೂ ಮಾಡಿಸಿ ಸೀಟು ಕೊಡಿಸ್ತೀನಿ" ಎನ್ನುವ ಏಜೆಂಟಿಗೆ ಫೋನಿನಲ್ಲೇ ಕೈಮುಗಿದುಬಿಡಿ.

ಸಂದರ್ಶನ ಎದುರಾಗುವುದು ಬೇರೆ ಕಡೆ. ಸೀನಿಯರ್ ರೆಸಿಡೆಂಟ್ ಹುದ್ದೆಗೆ ಸಾಮಾನ್ಯವಾಗಿ ನೇರ ಸಂದರ್ಶನ. ಏಮ್ಸ್‌ನಂಥ ಸಂಸ್ಥೆಗಳ ಸೂಪರ್ ಸ್ಪೆಷಾಲಿಟಿ ಪ್ರವೇಶದ ಎರಡನೇ ಹಂತದಲ್ಲಿ ಆಯಾ ವಿಭಾಗದವರೇ ಪರೀಕ್ಷಿಸುತ್ತಾರೆ. ಇನ್ನು ಬ್ರಿಟನ್, ಅಮೆರಿಕ: 2020ರ ಕೋವಿಡ್ ನಂತರ ಬ್ರಿಟನ್ನಿನ ಸರ್ಜರಿ ತರಬೇತಿಯ ಸಂದರ್ಶನ ಆನ್‌ಲೈನ್ ಆಯಿತು. ಅಮೆರಿಕದಲ್ಲೂ ಬಹುಪಾಲು ಹಾಗೆಯೇ, ಕೆಲವರು ಮಾತ್ರ ಎದುರಿಗೇ ಕರೆಯುತ್ತಾರೆ.

ನನ್ನನ್ನು ಕೇಳಿದರೆ, ಆಯ್ಕೆ ಕೊಟ್ಟಲ್ಲಿ ನಮ್ಮ ಜಿಲ್ಲೆಯವರು ಆನ್‌ಲೈನ್ ಹಿಡಿಯುವುದೇ ಲೇಸು. ಎದುರಿಗೆ ಹೋಗಬೇಕಾದರೆ ಅಮೆರಿಕದ ವೀಸಾಕ್ಕೆ ಚೆನ್ನೈ ಅಥವಾ ಹೈದರಾಬಾದ್, ಆಮೇಲೆ ವಿಮಾನ, ಊರೂರಿಗೆ ಹೋಟೆಲ್. ಕೋವಿಡ್‌ಗೆ ಮುಂಚೆ ಈ ಖರ್ಚು ತೂಗಿಸಲಾಗದವರಿಗೆ ಅರ್ಜಿ ಹಾಕುವುದೇ ಕಷ್ಟವಿತ್ತು.

ಗಡಿಯಾರ ಸರಿಮಾಡಿಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 8 ಎಂದರೆ ಅಕ್ಟೋಬರಿನಲ್ಲಿ ನಮಗೆ ಸಂಜೆ 5.30, ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ 6.30. ಲಂಡನ್ನಿನ ಬೆಳಿಗ್ಗೆ 9 ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ 2.30.

ಜಾಗ ಗೊತ್ತುಮಾಡಿ. ಅಮೆರಿಕದ ಸಂದರ್ಶನ ನಡೆಯುವುದು ನಮ್ಮ ದೀಪಾವಳಿ, ರಾಜ್ಯೋತ್ಸವದ ದಿನಗಳಲ್ಲೇ. ಬೀದಿಯಲ್ಲಿ ಪಟಾಕಿ, ಆರ್ಕೆಸ್ಟ್ರಾ. ಹಳ್ಳಿಮನೆಯಾದರೆ ಹಿಂದಿನ ದಿನವೇ ತುಮಕೂರಿನ ಸೋದರಮಾವನ ಮನೆಗೋ ಗೆಳೆಯರ ರೂಮಿಗೋ ಬನ್ನಿ. ಆ ದಿನ ಕರೆಂಟ್ ತೆಗೆಯುತ್ತಾರೆಯೇ ಎಂದು ಬೆಸ್ಕಾಂನ 1912ಕ್ಕೆ ಕೇಳಿ. ರೂಟರ್‌ಗೆ ಪುಟ್ಟ ಯುಪಿಎಸ್, ಬೇರೆ ಕಂಪನಿ ಸಿಮ್‌ನ ಹಾಟ್‌ಸ್ಪಾಟ್ ಎರಡೂ ಇರಲಿ. ದೀಪ ಮುಖದ ಮುಂದಿರಲಿ, ಬೆನ್ನ ಹಿಂದೆ ಬೇಡ. ಮಾತಾಡುವಾಗ ಪರದೆಯ ಮುಖವನ್ನಲ್ಲ, ಕ್ಯಾಮೆರಾ ಕಣ್ಣನ್ನು ನೋಡಿ.

ಉತ್ತರದ ಧಾಟಿ ಬದಲಿಸಿ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಪ್ರಶ್ನೆ ಹೀಗಿರುತ್ತದೆ: "ಕರುಳಿನ ಆಪರೇಷನ್ ಆದ ಮರುದಿನ ರಾತ್ರಿ ರೋಗಿಯ ಬಿಪಿ ಇಳಿದಿದೆ ಎಂದು ನರ್ಸ್ ಫೋನ್ ಮಾಡಿದರು. ಏನು ಮಾಡುತ್ತೀರಿ?" ವೈವಾ ಅಭ್ಯಾಸದಲ್ಲಿ ಶಾಕ್‌ನ ವಿಧಗಳನ್ನು ಒಪ್ಪಿಸಲು ಶುರುಮಾಡುತ್ತೇವೆ. ಪ್ಯಾನೆಲ್ಲಿಗೆ ಬೇಕಾದದ್ದು ಅದಲ್ಲ, ಇಂಥ ಉತ್ತರ: "ಕೂಡಲೇ ಹೋಗಿ ನೋಡುತ್ತೇನೆ, ಶ್ವಾಸದಾರಿ, ಉಸಿರಾಟ, ರಕ್ತಸಂಚಾರ ಈ ಕ್ರಮದಲ್ಲಿ ಪರೀಕ್ಷಿಸುತ್ತಲೇ ಆಕ್ಸಿಜನ್, ಡ್ರಿಪ್ ಕೊಡುತ್ತೇನೆ, ರಕ್ತಸ್ರಾವ ಇದೆಯೇ ಎಂದು ಡ್ರೈನ್, ಹೊಟ್ಟೆ ನೋಡುತ್ತೇನೆ, ಹಿರಿಯರಿಗೆ ತಡಮಾಡದೆ ತಿಳಿಸುತ್ತೇನೆ." ಇದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹಿರಿಯರನ್ನು ಕರೆಯುತ್ತೇನೆ ಎನ್ನುವುದು ಅವಮಾನವಲ್ಲ, ಅದಕ್ಕೂ ಅಂಕವಿದೆ.

ಕಾಣದ್ದನ್ನು ಕೇಳಿ ತಿಳಿಯಿರಿ. ಎದುರಿಗೆ ಹೋದವರು ಥಿಯೇಟರ್ ನೋಡುತ್ತಾರೆ, ಕಾರಿಡಾರಿನಲ್ಲಿ ಹಿರಿಯರು ಕಿರಿಯರನ್ನು ಹೇಗೆ ಮಾತಾಡಿಸುತ್ತಾರೆ ಎಂದು ಗಮನಿಸುತ್ತಾರೆ. ಪರದೆಯಲ್ಲಿ ಅದು ಸಿಗದು. ಅಲ್ಲಿ ಈಗ ತರಬೇತಿಯಲ್ಲಿರುವವರನ್ನು ಹುಡುಕಿ ಕೇಳಿ: ಮೊದಲ ವರ್ಷ ಚಾಕು ಕೈಗೆ ಕೊಡುತ್ತಾರಾ, ಬರೀ ರಿಟ್ರಾಕ್ಟರ್ ಹಿಡಿಸುತ್ತಾರಾ?

ನೇರ ಸಂದರ್ಶನವಾದರೆ ಮೂಲ ದಾಖಲೆ, ಕೆಎಂಸಿ ನೋಂದಣಿ, ಎರಡು ಸೆಟ್ ಜೆರಾಕ್ಸ್ ಒಂದೇ ಫೈಲಿನಲ್ಲಿರಲಿ. ಸಂದರ್ಶನ ಬೆಂಗಳೂರಿನಲ್ಲಿದ್ದರೆ ಬಸ್ ನೆಚ್ಚಿಕೊಳ್ಳಬೇಡಿ. ಗೊರಗುಂಟೆಪಾಳ್ಯದ ಜಾಮ್ ಯಾವ ಪ್ಯಾನೆಲ್ಲಿಗೂ ನೆಪವಾಗದು. ಗುಬ್ಬಿ, ತುಮಕೂರಿನವರು ಮುಂಜಾನೆ ರೈಲು ಹಿಡಿಯಿರಿ.

ಬ್ರಿಟನ್ ಕಡೆ ಕಣ್ಣಿಟ್ಟವರಿಗೆ ಇನ್ನೆರಡು ಮಾತು. ಸಂದರ್ಶನ ಆನ್‌ಲೈನ್ ಆದರೂ ಪ್ಲ್ಯಾಬ್ ಪರೀಕ್ಷೆ ಬರೆಯುವವರು ಅದರ ಎರಡನೇ ಭಾಗಕ್ಕೆ ಮ್ಯಾಂಚೆಸ್ಟರಿಗೆ ಹೋಗಲೇಬೇಕು. ಅಲ್ಲಿ ಓದಿದವರಿಗೇ ತರಬೇತಿಯಲ್ಲಿ ಮೊದಲ ಆದ್ಯತೆ ಎಂದು ಅಲ್ಲಿನ ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಶುಲ್ಕ ಕಟ್ಟುವ ಮುನ್ನ ಆ ವರ್ಷದ ನಿಯಮ ಓದಿಕೊಳ್ಳಿ, ನೀಟ್-ಪಿಜಿ ತಯಾರಿಯನ್ನೂ ಕೈಬಿಡಬೇಡಿ.