ಅಂಕಿಗೂ ಒಂದು ವಿಳಾಸ ಬೇಕು
(ವೈದ್ಯಕೀಯ ಸಂಶೋಧನೆಯಲ್ಲಿ ಮೆಟಾಡೇಟಾದ ಮಹತ್ವ)

ಕಳವಾದ ಮನೆಯೊಂದರಲ್ಲಿ ಔಷಧದ ಡಬ್ಬಿಯ ತಳದಲ್ಲಿ ಹಳೆಯ ಚೀಟಿಯೊಂದು ದೊರೆಯಿತೆಂದು ಇಟ್ಟುಕೊಳ್ಳಬಹುದು. ಅದರ ಮೇಲೆ 'ಸಕ್ಕರೆ 126' ಎಂದಷ್ಟೇ ಬರೆದಿದೆ. ಇದರಿಂದ ಮನೆಯವರು ತಿಳಿಯಬೇಕಾದುದೇನು? ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ರಕ್ತ ಕೊಟ್ಟಾಗ ಬಂದ ಅಂಕಿಯಾದರೆ ಅದು ಮಧುಮೇಹದ ಗಡಿಯನ್ನು ಮುಟ್ಟಿದೆ; ವೈದ್ಯರ ಬಳಿಗೆ ಹೋಗಲೇಬೇಕು. ಊಟವಾಗಿ ಎರಡು ಗಂಟೆಯ ನಂತರದ್ದಾದರೆ ಅದೇ 126 ಆತಂಕಕ್ಕೆ ಕಾರಣವಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ ಮಗ ತನ್ನ ಉಪವಾಸದ ಸಕ್ಕರೆ 7 ಎಂದು ಬರೆದರೆ ತಾಯಿ ಗಾಬರಿಯಾಗಬಹುದು. ಆದರೆ ಅಲ್ಲಿಯ ಮಿಲಿಮೋಲ್ ಲೆಕ್ಕದ 7, ಇಲ್ಲಿಯ ಮಿಲಿಗ್ರಾಂ ಲೆಕ್ಕದ 126ಕ್ಕೆ ಸಮ. ಅಳತೆ ಬೇರೆ, ಸ್ಥಿತಿ ಒಂದೇ.

ಹೀಗೆ, ಅಂಕಿಯು ತಾನೊಂದೇ ಏನನ್ನೂ ಹೇಳಲಾರದು. ಯಾರ ಅಂಕಿ, ಯಾವ ದಿನದ್ದು, ಎಲ್ಲಿ ಅಳೆದದ್ದು, ಯಾವ ವಿಧಾನದಿಂದ, ಯಾವ ಮಾನದಲ್ಲಿ ಎಂಬ ವಿವರಗಳು ಜೊತೆಗಿದ್ದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಸಂಗ್ರಹಿಸಿದ ಮಾಹಿತಿಯನ್ನು ಕುರಿತ ಇಂತಹ ಮಾಹಿತಿಗೆ ವಿಜ್ಞಾನಿಗಳು 'ಮೆಟಾಡೇಟಾ' ಎಂಬ ಹೆಸರಿಟ್ಟಿದ್ದಾರೆ.

ಹೆಸರು ಹೊಸದು, ವ್ಯವಹಾರ ಹಳೆಯದು

ಹೆಸರು ಹೊಸದಾಗಿ ಕಂಡರೂ ವಿಷಯ ಜನರಿಗೆ ಅಪರಿಚಿತವೇನಲ್ಲ. ಬ್ಯಾಂಕಿನ ಲೆಡ್ಜರಿನಲ್ಲಿ 500 ಎಂದಷ್ಟೇ ಬರೆದು ಬಿಟ್ಟರೆ ಅದನ್ನು ಲೆಕ್ಕವೆನ್ನಲಾಗದು. ದಿನಾಂಕ, ಖಾತೆಯ ಸಂಖ್ಯೆ, ಜಮೆಯೋ ಖರ್ಚೋ ಎಂಬ ಸೂಚನೆ, ಬಾಬ್ತು, ಅದರ ಹಿಂದಿರುವ ವೋಚರು ಇಷ್ಟೂ ಇದ್ದರೆ ಹತ್ತು ವರ್ಷಗಳ ನಂತರ ಬರುವ ಲೆಕ್ಕ ತಪಾಸಣೆಗಾರನೂ ಅದನ್ನು ಒಪ್ಪುತ್ತಾನೆ. ಗ್ರಂಥಾಲಯದ ಸೂಚಿ ಕಾರ್ಡು ಕೂಡ ಇದೇ ಕೆಲಸವನ್ನು ಮಾಡುತ್ತದೆ. ಗ್ರಂಥಾಲಯ ಶಾಸ್ತ್ರದ ಆಚಾರ್ಯ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದಾಗ ಅವರ ಮುಂದಿದ್ದ ಸಮಸ್ಯೆಯೂ ಇದೇ: ಇರುವ ಜ್ಞಾನ ಬೇಕಾದವನ ಕೈಗೆ ಬೇಕಾದಾಗ ಸಿಗುವಂತೆ ಮಾಡುವುದು ಹೇಗೆ?

ಮುಂಬಯಿಯ ಒಂದು ಉದಾಹರಣೆ

ವೈದ್ಯಕೀಯ ಕ್ಷೇತ್ರದಲ್ಲಿ ಈ ವಿವರಗಳಿಗೆ ಎಷ್ಟು ಬೆಲೆಯಿದೆಯೆಂಬುದಕ್ಕೆ ಉತ್ತಮ ನಿದರ್ಶನ ಸಮೀಪದಲ್ಲಿಯೇ ಇದೆ. ಭಾರತೀಯ ಕ್ಯಾನ್ಸರ್ ಸೊಸೈಟಿಯು 1963ರಲ್ಲಿ ಮುಂಬಯಿ ಕ್ಯಾನ್ಸರ್ ನೋಂದಣಿಯನ್ನು ಆರಂಭಿಸಿತು. ಒಂದು ನಿಶ್ಚಿತ ಪ್ರದೇಶದ ಸಮಸ್ತ ಜನಸಂಖ್ಯೆಯನ್ನು ಆಧರಿಸಿದ ಇಂತಹ ನೋಂದಣಿ ದೇಶದಲ್ಲಿ ಇದೇ ಮೊದಲು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿಯಲ್ಲಿ 1982ರಿಂದ ಬೆಂಗಳೂರು, ಮುಂಬಯಿ, ಮದರಾಸು ನಗರಗಳ ಮಾಹಿತಿ ಒಂದೇ ಕ್ರಮದಲ್ಲಿ ಸಂಗ್ರಹವಾಗತೊಡಗಿತು. ಬೆಂಗಳೂರಿನ ಕೆಲಸ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯಿತು.

ನೋಂದಣಿಯ ಸಿಬ್ಬಂದಿ ಆಸ್ಪತ್ರೆಗಳಿಗೂ ಪ್ರಯೋಗಶಾಲೆಗಳಿಗೂ ಹೋಗಿ, ಮರಣದ ದಾಖಲೆಗಳನ್ನೂ ನೋಡಿ, ಪ್ರತಿ ರೋಗಿಯ ವಿವರವನ್ನು ಬರೆದುಕೊಳ್ಳುತ್ತಾರೆ. ಒಬ್ಬನೇ ರೋಗಿ ಮೂರು ಆಸ್ಪತ್ರೆಗಳಿಗೆ ಹೋಗಿದ್ದರೂ ಅವನನ್ನು ಒಮ್ಮೆ ಮಾತ್ರ ಎಣಿಸಬೇಕು. ಕನ್ನಡಿಗರ ವಿಷಯದಲ್ಲಿ ಇದು ಸುಲಭವಲ್ಲ. ಊರಿನಲ್ಲಿ ಇನಿಷಿಯಲ್ಲಿನೊಡನೆ ಬರೆಯುವ ಹೆಸರಿಗೆ ಮಹಾರಾಷ್ಟ್ರದ ಕಾಗದಪತ್ರಗಳಲ್ಲಿ ತಂದೆಯ ಹೆಸರು ನಡುವೆ ಬಂದು ಸೇರುತ್ತದೆ. ಅಡ್ಡಹೆಸರಿನ ಕಾಗುಣಿತವೂ ಬದಲಾಗುತ್ತದೆ. ಆಗ ವಯಸ್ಸು, ವಿಳಾಸ, ರೋಗ ನಿರ್ಣಯವಾದ ದಿನಾಂಕಗಳೇ ಇಬ್ಬರಂತೆ ಕಾಣುವವನು ಒಬ್ಬನೇ ಎಂಬುದನ್ನು ತೋರಿಸಿಕೊಡುತ್ತವೆ.

ಪಾರ್ಸಿ ಮಹಿಳೆಯರಲ್ಲಿ ಸ್ತನದ ಕ್ಯಾನ್ಸರ್ ಇತರರಿಗಿಂತ ಹೆಚ್ಚೆಂಬ ಸಂಗತಿ ಈ ನೋಂದಣಿಯಿಂದ ಸ್ಪಷ್ಟವಾಯಿತು. ರೋಗಿಯ ಸಮುದಾಯವನ್ನು ಮೊದಲ ದಿನವೇ ಯಾರೋ ಗುಮಾಸ್ತರು ತಾಳ್ಮೆಯಿಂದ ಬರೆದಿಡದೆ ಇದ್ದಲ್ಲಿ ಯಾವ ಪಂಡಿತನೂ ಅದನ್ನು ಕಂಡುಹಿಡಿಯಲಾಗುತ್ತಿರಲಿಲ್ಲ.

ಕಳವಾದವರು ಎಲ್ಲಿಯವರು?

ಕಳವಾದ ಗೃಹಿಣಿಯೊಬ್ಬಳು ಸ್ಲೋ ಲೋಕಲ್ ಹಿಡಿದು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಚಿಕಿತ್ಸೆಗಾಗಿ ಹೋಗುತ್ತಾಳೆ. ಆಸ್ಪತ್ರೆಯ ರೋಗಿಗಳ ಎಣಿಕೆಯಲ್ಲಿ ಅವಳು ಸೇರುತ್ತಾಳೆ. ಆದರೆ ಬೃಹನ್ಮುಂಬಯಿಯ ನಿವಾಸಿಗಳ ಎಣಿಕೆಯಲ್ಲಿ ಸೇರಕೂಡದು. ಕಳವಾ ಇರುವುದು ಥಾಣೆ ನಗರದಲ್ಲಿ. ಒಂದು ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷದಿಂದ ವಾಸವಾಗಿರುವವರನ್ನೇ ಅಲ್ಲಿಯ ನಿವಾಸಿಗಳೆಂದು ಪರಿಗಣಿಸುವುದು ನೋಂದಣಿಯ ನಿಯಮ.

ಹೀಗಿರುವಲ್ಲಿ, ಅನುಕೂಲವಾದೀತೆಂಬ ಭಾವನೆಯಿಂದ ಅವಳ ಮನೆಯವರು ದಾದರಿನ ನೆಂಟರ ವಿಳಾಸವನ್ನು ಬರೆಯಿಸಿದರೆ ಏನಾಗುತ್ತದೆ? ರೋಗದ ಪ್ರಮಾಣವನ್ನು ಲಕ್ಷ ಜನರಿಗೆ ಇಷ್ಟು ಎಂದು ಲೆಕ್ಕಹಾಕುತ್ತಾರೆ. ಥಾಣೆಯ ರೋಗಿಗಳು ಮುಂಬಯಿಯ ಪಟ್ಟಿಗೆ ಸೇರಿದಾಗ ಅಲ್ಲಿಯ ಪ್ರಮಾಣ ಸುಳ್ಳಾಗಿ ಏರುತ್ತದೆ. ಇಲ್ಲಿಯದು ಸುಳ್ಳಾಗಿ ಇಳಿಯುತ್ತದೆ. ರೋಗವಿಲ್ಲವೆಂದು ಕಾಗದದಲ್ಲಿ ಕಂಡ ಊರಿಗೆ ತಪಾಸಣಾ ಶಿಬಿರವಾಗಲಿ ಯಂತ್ರೋಪಕರಣವಾಗಲಿ ಬರುವುದು ತಡವಾಗುತ್ತದೆ. ಒಂದು ತಪ್ಪು ವಿಳಾಸದ ಬೆಲೆಯನ್ನು ನೆರೆಮನೆಯವರು ತೆರಬೇಕಾಗುತ್ತದೆ.

ವಿವರ ಸರಿಯಾಗಿದ್ದರೂ ಕಾಲಾಂತರದಲ್ಲಿ ಅದರ ಅರ್ಥ ಬದಲಾಗಬಹುದು. 2014ರ ಆಗಸ್ಟಿನಲ್ಲಿ ಥಾಣೆ ಜಿಲ್ಲೆಯಿಂದ ಪಾಲ್ಘರ್ ಬೇರೆ ಜಿಲ್ಲೆಯಾಯಿತು. ಇದನ್ನು ಮರೆತು 2010ರ 'ಥಾಣೆ ಜಿಲ್ಲೆ'ಯ ರೋಗಿಗಳ ಸಂಖ್ಯೆಯನ್ನು 2020ರದರೊಡನೆ ಹೋಲಿಸಿದವನು ರೋಗ ಇಳಿಯಿತೆಂದು ವೃಥಾ ಸಂತೋಷಪಟ್ಟಾನು. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿಯೂ ಹೀಗೆಯೇ. ಅದರ ಒಂಬತ್ತನೆಯ ಆವೃತ್ತಿಯಲ್ಲಿ ಮಹಿಳೆಯರ ಸ್ತನದ ಕ್ಯಾನ್ಸರಿಗೆ 174 ಎಂಬ ಸಂಕೇತವಿದ್ದರೆ ಹತ್ತನೆಯದರಲ್ಲಿ ಅದು 'ಸಿ 50' ಆಯಿತು. ಯಾವ ಆವೃತ್ತಿಯೆಂದು ಬರೆದಿಡದ ಕಡತ ಮುಂದಿನ ಪೀಳಿಗೆಗೆ ಒಗಟಾಗುತ್ತದೆ.

ಹಂಚಿಕೆಯೂ ಗೋಪ್ಯತೆಯೂ

ಇಂದು ಸಂಶೋಧನೆಯ ಮಾಹಿತಿಯನ್ನು ಒಬ್ಬರೇ ಬಚ್ಚಿಟ್ಟುಕೊಳ್ಳದೆ ಇತರರೊಡನೆ ಹಂಚಿಕೊಳ್ಳಬೇಕೆಂಬ ಅಭಿಪ್ರಾಯ ಬಲವಾಗಿದೆ. 2016ರಲ್ಲಿ ವಿಜ್ಞಾನಿಗಳ ತಂಡವೊಂದು ಇದಕ್ಕೆ ನಾಲ್ಕು ಸೂತ್ರಗಳನ್ನು ಪ್ರಕಟಿಸಿತು: ಮಾಹಿತಿ ಹುಡುಕಿದರೆ ದೊರೆಯಬೇಕು, ಅದನ್ನು ಪಡೆಯುವ ಮಾರ್ಗ ತಿಳಿದಿರಬೇಕು, ಇತರ ಮಾಹಿತಿಯೊಡನೆ ಹೊಂದಿಕೊಳ್ಳಬೇಕು, ಮತ್ತೊಬ್ಬರ ಮರುಬಳಕೆಗೆ ಒದಗಬೇಕು. ಈ ನಾಲ್ಕಕ್ಕೂ ಮೆಟಾಡೇಟಾವೇ ತಳಹದಿ. ಭಾರತದಲ್ಲಿಯೂ ಜೈವಿಕ ಸಂಶೋಧನೆಯ ಮಾಹಿತಿಯನ್ನು ಕಾಪಾಡಲು 2022ರಲ್ಲಿ ಫರೀದಾಬಾದಿನಲ್ಲಿ ರಾಷ್ಟ್ರೀಯ ಭಂಡಾರವೊಂದು ಕಾರ್ಯಾರಂಭ ಮಾಡಿತು.

ಹಂಚಿಕೆಯೆಂದರೆ ರೋಗಿಯ ಗುಟ್ಟು ಬಯಲಾಗುವುದೇ ಎಂಬ ಸಂಶಯ ಸಹಜ. ಬ್ಯಾಂಕಿನಲ್ಲಿ ಲಾಕರುಗಳಿವೆ, ಅವುಗಳನ್ನು ಪಡೆಯುವ ನಿಯಮ ಇಂತಹುದು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಒಳಗಿನ ಒಡವೆ ಯಾರಿಗೂ ಕಾಣದು. ಅದೇ ರೀತಿ, ಇಂತಹ ಮಾಹಿತಿ ಇಂತಹ ಸಂಸ್ಥೆಯಲ್ಲಿ ಇದೆಯೆಂಬ ವಿವರವನ್ನು ಪ್ರಕಟಿಸಿ, ಮಾಹಿತಿಯನ್ನು ಮಾತ್ರ ಅರ್ಹ ಸಂಶೋಧಕರಿಗೆ ನಿಬಂಧನೆಗಳ ಮೇಲೆ, ಹೆಸರು ಮತ್ತು ಮನೆಯ ವಿಳಾಸಗಳನ್ನು ತೆಗೆದು ಕೊಡಬಹುದು. ಊರು, ವಯಸ್ಸು, ವರ್ಷ ಉಳಿದರೆ ಸಂಶೋಧನೆಗೆ ಸಾಕು. ಆದರೂ ಸಣ್ಣ ಊರಿನಲ್ಲಿ ಅಪರೂಪದ ರೋಗವಿದ್ದಲ್ಲಿ ಅಷ್ಟರಿಂದಲೇ ವ್ಯಕ್ತಿಯ ಗುರುತು ಹತ್ತಬಹುದಾದ್ದರಿಂದ ಅಲ್ಲಿ ಇನ್ನಷ್ಟು ಎಚ್ಚರಿಕೆ ಅವಶ್ಯ.

ಗೃಹಸ್ಥರ ಕರ್ತವ್ಯ

ವಿಜ್ಞಾನದ ಈ ಕಾರ್ಯದಲ್ಲಿ ಸಾಮಾನ್ಯ ಗೃಹಸ್ಥರಿಗೂ ಪಾಲಿದೆ. ಆಸ್ಪತ್ರೆಯ ಕಿಟಕಿಯಲ್ಲಿ ನಿಜವಾದ ವಾಸಸ್ಥಳವನ್ನೂ ಅಲ್ಲಿ ಎಷ್ಟು ವರ್ಷಗಳಿಂದ ಇರುವರೆಂಬುದನ್ನೂ ಹೇಳಬೇಕು. ಹೆಸರನ್ನು ಎಲ್ಲೆಡೆಯೂ ಒಂದೇ ರೀತಿಯಲ್ಲಿ ಬರೆಯಿಸಬೇಕು. ಪ್ರತಿ ಪರೀಕ್ಷೆಯ ವರದಿಯ ಮೇಲೆ ದಿನಾಂಕ, ಪ್ರಯೋಗಶಾಲೆಯ ಹೆಸರು, ಅಳತೆಯ ಮಾನ ಇವೆಯೇ ಎಂದು ನೋಡಬೇಕು. ಉಪವಾಸದ್ದೋ ಊಟದ ನಂತರದ್ದೋ ಎಂಬುದನ್ನು ಗುರುತಿಸಿಡಬೇಕು. ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿ ಜೋಡಿಸಿಟ್ಟರೆ ಸಂಕಟಕಾಲದಲ್ಲಿ ವೈದ್ಯರ ಅಮೂಲ್ಯ ಸಮಯ ಉಳಿಯುತ್ತದೆ.

ಕಿಟಕಿಯಾಚೆಯ ಗುಮಾಸ್ತರು ಹತ್ತು ಪ್ರಶ್ನೆಗಳನ್ನು ಕೇಳಿದಾಗ ಸರದಿಯಲ್ಲಿ ನಿಂತವರಿಗೆ ಬೇಸರವಾಗುವುದುಂಟು. ಆದರೆ ಆ ಉತ್ತರಗಳು ಇಂದಿನ ರೋಗಿಗೆ ಮಾತ್ರವಲ್ಲ, ಮುಂದೆ ಇದೇ ಊರಿನಲ್ಲಿ ಇದೇ ರೋಗದಿಂದ ನರಳಬಹುದಾದ ಇನ್ನೊಬ್ಬರಿಗೂ ನೆರವಾಗುತ್ತವೆಂಬುದನ್ನು ನೆನಪಿಟ್ಟುಕೊಂಡರೆ, ಆ ಐದು ನಿಮಿಷಗಳು ವ್ಯರ್ಥವೆನಿಸಲಾರವು.